ಕಾರ್ಬಿಮಜೋಲ್ ಮಾತ್ರೆ: ಒಂದು ವರ್ಷ ದಾಟಿದ ಬಳಕೆಯ ಅನುಭವ

ಉಡುಪಿಯ ಸೆಕೆಯಲ್ಲಿ ಬೆವರುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ನನ್ನ ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿದೆ ಎಂಬ ಅನುಮಾನ ಹುಟ್ಟಿಸಿದ್ದು ಕೈ ನಡುಕ. ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದ ಸಾಲು ಅಂಕುಡೊಂಕಾಗುತ್ತಿತ್ತು, ಸೀಮೆಸುಣ್ಣ ಪಟಪಟನೆ ಬಡಿಯುತ್ತಿತ್ತು. ಹೊಟ್ಟೆ ತುಂಬ ಉಂಡರೂ ತೂಕ ಇಳಿಯುತ್ತಿತ್ತು. ರಕ್ತಪರೀಕ್ಷೆಯಲ್ಲಿ ಗ್ರೇವ್ಸ್ ಕಾಯಿಲೆ ಎಂದು ಖಚಿತವಾಯಿತು, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಪ್ರತಿಕಾಯಗಳನ್ನು ಹುಟ್ಟಿಸಿ ಥೈರಾಯ್ಡ್ ಗ್ರಂಥಿಯನ್ನು ಕೆರಳಿಸುವ ಕಾಯಿಲೆ. ದಿನಕ್ಕೆ 20 ಮಿಲಿಗ್ರಾಂ ಕಾರ್ಬಿಮಜೋಲ್‌ನಿಂದ ಚಿಕಿತ್ಸೆ ಶುರುವಾಯಿತು.

ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ತಾಳ್ಮೆ ಬೇಕು. ಅದು ತಡೆಯುವುದು ಹೊಸ ಹಾರ್ಮೋನಿನ ತಯಾರಿಕೆಯನ್ನು ಮಾತ್ರ. ಗ್ರಂಥಿಯಲ್ಲಿ ಮೊದಲೇ ಕೂಡಿಟ್ಟದ್ದು ಖರ್ಚಾಗಲು ಕೆಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಎದೆಬಡಿತ ಮತ್ತು ನಡುಕಕ್ಕೆ ಪ್ರೊಪ್ರನಲಾಲ್ ಕೊಟ್ಟಿದ್ದರು. ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಹತೋಟಿಗೆ ಬಂದ ಮೇಲೂ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್ ಟಿಎಸ್‌ಎಚ್ ತಿಂಗಳುಗಟ್ಟಲೆ ತಳದಲ್ಲೇ ಉಳಿಯಬಹುದು, ಅದೊಂದನ್ನೇ ನೋಡಿ ಗಾಬರಿಪಡಬೇಡಿ. ಈಗ ನನ್ನ ಪ್ರಮಾಣ 5 ಮಿಲಿಗ್ರಾಂ.

ನಾನು ಒತ್ತಿ ಹೇಳಬೇಕಾದದ್ದು ಮಳೆಗಾಲದ ವಿಷಯ. ಈ ಮಾತ್ರೆ ಸಾವಿರಕ್ಕೆ ಬೆರಳೆಣಿಕೆಯ ಜನರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಮೊದಲ ಮೂರು ತಿಂಗಳಲ್ಲಿ ಈ ಭಯ ಹೆಚ್ಚು, ಆಮೇಲೂ ಪೂರ್ತಿ ಇಲ್ಲವೆಂದಲ್ಲ. ಸೂಚನೆ ಏನೆಂದರೆ ಜ್ವರ, ಗಂಟಲುನೋವು, ಬಾಯಿಹುಣ್ಣು. ನಮ್ಮಲ್ಲಿ ಜಡಿಮಳೆಯ ಆಟಿ ತಿಂಗಳಿನಲ್ಲಿ ಗಂಟಲು ಕೆಡದ ಮನೆಯೇ ಇಲ್ಲ! ನನಗೆ ಜ್ವರ ಬಂದಾಗ ಪಕ್ಕದ ಮನೆಯ ಅಕ್ಕ, “ಮಳೆಯ ಜ್ವರ ಮಾರಾಯ್ತಿ, ಎರಡು ದಿನ ಕಷಾಯ ಕುಡಿ” ಎಂದರು. ಹತ್ತಿರದ ಕ್ಲಿನಿಕ್‌ನಲ್ಲಿ ಆಂಟಿಬಯೋಟಿಕ್ ಬರೆದು ಕಳುಹಿಸಲು ಹೊರಟಿದ್ದರು. ಮಾತ್ರೆಯ ಬಾಟಲಿಯನ್ನು ಮೇಜಿನ ಮೇಲಿಟ್ಟು, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಎಣಿಕೆ ಆಗಲೇಬೇಕು ಎಂದು ಪಟ್ಟುಹಿಡಿದೆ. ಅಂದು ಬೆಳಿಗ್ಗೆಯೇ ಮಾತ್ರೆ ನಿಲ್ಲಿಸಿದ್ದೆ. ಸಂಜೆ ವರದಿ ಬಂತು, ಎಣಿಕೆ ಸರಿಯಿತ್ತು. ನನ್ನ ವೈದ್ಯರನ್ನು ಕೇಳಿ ಮತ್ತೆ ಮಾತ್ರೆ ಶುರು ಮಾಡಿದೆ. ಈ ಪರೀಕ್ಷೆಯನ್ನು ನಾಳೆಗೆ ದೂಡಬೇಡಿ. ತಿಂಗಳ ಹಿಂದೆ ಮಾಡಿಸಿದ ಎಣಿಕೆ ಸರಿಯಿತ್ತು ಎಂದು ಸುಮ್ಮನಿರಲೂಬೇಡಿ, ಅದು ಏಕಾಏಕಿ ಕುಸಿಯುವಂಥದ್ದು. ಔಷಧಿ ಚೀಟಿ ಬರೆಯುವವರೇ ಈ ಮಾತನ್ನು ಅದರ ಮೇಲೆ ಕನ್ನಡದಲ್ಲಿ ಬರೆದುಕೊಡಬೇಕು ಎಂಬುದು ನನ್ನ ಬೇಡಿಕೆ.

ಮೊದಮೊದಲು ಚರ್ಮದ ತುರಿಕೆ ಇತ್ತು, ಅಲರ್ಜಿ ಮಾತ್ರೆಯಿಂದ ಹೋಯಿತು. ಮಗುವಿನ ಯೋಚನೆ ಇರುವವರು ಮುಂಚೆಯೇ ವೈದ್ಯರಿಗೆ ತಿಳಿಸಬೇಕು, ಗರ್ಭದ ಮೊದಲ ಮೂರು ತಿಂಗಳಲ್ಲಿ ಬೇರೆ ಔಷಧಿಗೆ ಬದಲಿಸುವುದು ರೂಢಿ.

ಸಾಮಾನ್ಯವಾಗಿ 12ರಿಂದ 18 ತಿಂಗಳ ಚಿಕಿತ್ಸೆ. ನಿಲ್ಲಿಸಿದ ಮೇಲೆ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ಮರುಕಳಿಸುತ್ತದೆ. ಆಗ ವಿಕಿರಣ ಅಯೋಡಿನ್ ಅಥವಾ ಶಸ್ತ್ರಚಿಕಿತ್ಸೆಯ ದಾರಿಯೂ ಇದೆ. ನಿಲ್ಲಿಸುವ ಮುನ್ನ ಗ್ರೇವ್ಸ್‌ನ ಪ್ರತಿಕಾಯಗಳು ಎಷ್ಟು ಉಳಿದಿವೆ ಎಂದು ನೋಡಬೇಕು. ಆ ಪರೀಕ್ಷೆಗೆ ಮುಂದಿನ ತಿಂಗಳು ರಕ್ತ ಕೊಡುತ್ತಿದ್ದೇನೆ.