ದೂರದರ್ಶಕವೋ, ಸಮೀಕರಣವೋ: ಖಗೋಳ ವಿಜ್ಞಾನದಲ್ಲಿ ಯಾವ ದಾರಿ?

ಖಗೋಳ ವಿಜ್ಞಾನಿ ಅಂದರೆ ರಾತ್ರಿಯಿಡೀ ದೂರದರ್ಶಕಕ್ಕೆ ಕಣ್ಣಿಟ್ಟು ಕೂರುವವರು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಈಗ ಕಣ್ಣಿನ ಜಾಗದಲ್ಲಿ ಕ್ಯಾಮೆರಾ ಇದೆ. ಕೆಲಸವೆಲ್ಲ ಕಂಪ್ಯೂಟರ್ ಮುಂದೆ.

ಈ ಕ್ಷೇತ್ರದಲ್ಲಿ ದಾರಿ ಎರಡು: ಆಕಾಶ ನೋಡಿ ಅಳೆಯುವ ವೀಕ್ಷಣೆ, ಲೆಕ್ಕದಿಂದ ಅದನ್ನು ವಿವರಿಸುವ ಸಿದ್ಧಾಂತ. ವೀಕ್ಷಣೆ ಆರಿಸಿಕೊಂಡರೆ ಮೊದಲ ಕೆಲಸ ದೂರದರ್ಶಕದ ಸಮಯ ಕೇಳಿ ಅರ್ಜಿ ಬರೆಯುವುದು. ಯಾವ ನಕ್ಷತ್ರ, ಯಾಕೆ, ಎಷ್ಟು ಹೊತ್ತು ಅಂತ ಸಮಯ ಹಂಚುವ ಸಮಿತಿಯನ್ನು ಒಪ್ಪಿಸಬೇಕು. ಸಿಕ್ಕ ರಾತ್ರಿಯೇ ಮೋಡ ಕವಿದರೆ ಕಥೆ ಮುಗಿಯಿತು. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ 2 ಮೀಟರ್ ದೂರದರ್ಶಕವಿದೆ. ಅದನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತೇ ಉಪಗ್ರಹ ಸಂಪರ್ಕದಿಂದ ನಡೆಸುತ್ತಾರೆ. ಹಿಮಾಲಯದ ಚಳಿ ತಪ್ಪಿತು, ನಿದ್ದೆಗೇಡು ತಪ್ಪಲಿಲ್ಲ! ಆಮೇಲೆ ತಿಂಗಳುಗಟ್ಟಲೆ ಆ ಚಿತ್ರಗಳನ್ನು ಸೋಸಿ ಅಳೆಯುವ ಕೆಲಸ. ಹಗಲೇ ಬೇಕೆಂದರೆ ಆಕಾಶದಿಂದ ಬರುವ ರೇಡಿಯೋ ತರಂಗ ಹಿಡಿಯುವ ರೇಡಿಯೋ ಖಗೋಳ ನೋಡಿ. ಪುಣೆ ಬಳಿಯ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕದ 30 ಡಿಶ್‌ಗಳಿಗೆ ಬಿಸಿಲು ಅಡ್ಡಿಯಲ್ಲ.

ಸಿದ್ಧಾಂತದವರಿಗೆ ಮೋಡದ ಚಿಂತೆಯಿಲ್ಲ. ಗಣಿತ, ಕೋಡ್, ಸೂಪರ್‌ಕಂಪ್ಯೂಟರ್‌ಗಾಗಿ ಸರದಿ. ಉತ್ತರ ವಿಚಿತ್ರವಾಗಿ ಬಂದರೆ ತಪ್ಪು ಕೋಡ್‌ನದೋ, ನಿಸರ್ಗವೇ ಹಾಗೋ ಅಂತ ವಾರಗಟ್ಟಲೆ ತಲೆ ಕೆಡುತ್ತದೆ.

ಪ್ರೋಗ್ರಾಮಿಂಗ್ ಮಾತ್ರ ಎರಡೂ ಕಡೆ ಬೇಕೇ ಬೇಕು. ಯಂತ್ರ ಬಿಚ್ಚಿ ನೋಡುವ ಚಟ ಜಾಸ್ತಿ ಇದ್ದರೆ ವೀಕ್ಷಣೆಗೆ ಹೋಗಿ. ಲೆಕ್ಕ ಬಿಡಿಸುತ್ತಾ ಊಟ ಮರೆಯುವವರಾದರೆ ಸಿದ್ಧಾಂತ.