ಗಾಣದ ಎಣ್ಣೆ ಅಂಗಡಿ: ಎಣ್ಣೆಗೆ ನಾಲ್ಕು ಸ್ಟಾರ್, ಗೋಡೆ ಮೇಲಿನ ಬೋರ್ಡಿಗೆ ಒಂದು

ಮೊದಲು ಎಣ್ಣೆ ವಿಷಯ. ಕಡಲೆಕಾಯಿ ಎಣ್ಣೆ ಸಖತ್ತಾಗಿದೆ. ಕಣ್ಣೆದುರೇ ಮರದ ಗಾಣ ತಿರುಗುತ್ತಿರುತ್ತದೆ (ಎತ್ತಿಲ್ಲ, ಮೋಟಾರು), ಪಕ್ಕದಲ್ಲಿ ಹಿಂಡಿ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ, ಅಂಗಡಿ ತುಂಬ ಘಮ. ಚಿತ್ರಾನ್ನದ ಒಗ್ಗರಣೆಗೆ ಹಾಕಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಚಟ್ನಿಪುಡಿಗೆ ಕಲಸಿಕೊಳ್ಳಲು ಹಸಿಯಾಗಿಯೇ ಚೆನ್ನ. ಬೋಂಡ, ಪೂರಿ ಕರಿಯಲು ಬೇಡ. ನೊರೆ ಬರುತ್ತದೆ, ಬೇಗ ಹೊಗೆಯಾಡುತ್ತದೆ, ಬೆಲೆಯೂ ಪ್ಯಾಕೆಟ್ ಎಣ್ಣೆಯ ಹತ್ತಿರ ಹತ್ತಿರ ಎರಡರಷ್ಟು. ತಳದಲ್ಲಿ ಗಸಿ ನಿಲ್ಲುತ್ತದೆ, ಅಲ್ಲಾಡಿಸದೆ ಮೇಲಿನದನ್ನು ಬಗ್ಗಿಸಿಕೊಳ್ಳಿ.

ಈಗ ಬೋರ್ಡು. "ಅಜ್ಜಂದಿರು ಗಾಣದ ಎಣ್ಣೆ ತಿಂದರು, ಹಾರ್ಟ್ ಅಟ್ಯಾಕ್ ಇರಲಿಲ್ಲ. ರಿಫೈನ್ಡ್ ಎಣ್ಣೆ ಬಂತು, ಹಾರ್ಟ್ ಅಟ್ಯಾಕ್ ಬಂತು" ಅಂತ ಗಲ್ಲಾಪೆಟ್ಟಿಗೆ ಹಿಂದೆ ದೊಡ್ಡದಾಗಿ ಬರೆಸಿದ್ದಾರೆ. ಕೆಳಗೆ ಮೇಲೇರುವ ಎರಡು ಗೆರೆಯ ಗ್ರಾಫು. ಅಂಕಿ ಇಲ್ಲ, ಇಸವಿ ಇಲ್ಲ. ಸ್ಕೂಟರು, ಟಿವಿ, ಲಿಫ್ಟು, ಮೊಬೈಲು, ಅದೇ ಗ್ರಾಫಿಗೆ ಏನು ಹಾಕಿದರೂ ಗೆರೆ ಮೇಲಕ್ಕೇ ಹೋಗುತ್ತದೆ ಅಲ್ವಾ? ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸು, ಈಗ 70ರ ಸುತ್ತ. ಸಿಡುಬು, ಮಲೇರಿಯಾ, ಕ್ಷಯ ದಾಟಿ ಹೃದಯ ಕೈಕೊಡುವ ವಯಸ್ಸಿಗೆ ಬರುತ್ತಿದ್ದವರೇ ಕಡಿಮೆ. ಬಂದವರಿಗೂ ಹಳ್ಳಿಯಲ್ಲಿ ಇಸಿಜಿ ಯಾರು ತೆಗೆದರು? ಎದೆನೋವು ಅಂದರು, ಹೋಗಿಬಿಟ್ಟರು. ಅಷ್ಟೇ ಲೆಕ್ಕ. ಅವರು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು, ನಮ್ಮಷ್ಟು ಎಣ್ಣೆಯನ್ನೂ ಸುರಿಯುತ್ತಿರಲಿಲ್ಲ ಅನ್ನುವುದು ಬೋರ್ಡಿನಲ್ಲಿಲ್ಲ.

ಇದನ್ನೇ ಕೇಳಿದೆ. "ನಮ್ಮ ಕಸ್ಟಮರ್‌ಗಳನ್ನೇ ನೋಡಿ ಸಾರ್, ಎಲ್ಲ ಗಟ್ಟಿಯಾಗಿದ್ದಾರೆ" ಅಂದರು ಯಜಮಾನರು. ಇದ್ದಾರೆ, ಒಪ್ಪಿದೆ. ಆದರೆ ಎಣ್ಣೆಗೆ ಡಬಲ್ ದುಡ್ಡು ಕೊಡುವವರು ಯಾರು ಸ್ವಾಮಿ? ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಅದೇ ಶೂನಲ್ಲಿ ಬರುವವರು, ಬೀಡಿ ಸಿಗರೇಟು ಮುಟ್ಟದವರು, ತಪ್ಪದೆ ಬಿಪಿ ಶುಗರ್ ನೋಡಿಸಿಕೊಳ್ಳುವವರು. ಎಣ್ಣೆ ಬದಲಾಯಿಸಿದರೂ ಅವರು ಗಟ್ಟಿಯಾಗಿಯೇ ಇರುತ್ತಿದ್ದರೋ ಏನೋ.

ಅಮೆರಿಕದ ಡಾಕ್ಟರುಗಳೇ ಇಂಥ ತಪ್ಪು ಲೆಕ್ಕದಲ್ಲಿ ಬಿದ್ದಿದ್ದರು. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತಗೊಳ್ಳುವ ಹೆಂಗಸರಲ್ಲಿ ಹೃದಯದ ಕಾಯಿಲೆ ಕಡಿಮೆ ಕಂಡಿತ್ತು, ಹಾಗಾಗಿ ಮಾತ್ರೆ ಹೃದಯಕ್ಕೆ ಒಳ್ಳೆಯದು ಅಂದುಕೊಂಡರು. ತಗೊಳ್ಳುತ್ತಿದ್ದವರು ಹೆಚ್ಚಾಗಿ ಓದಿದವರು, ಅನುಕೂಲಸ್ಥರು. ಆಮೇಲೆ 16,608 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟರು. 2002ರಲ್ಲಿ ಆ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ, ಹೃದಯದ ತೊಂದರೆಯೂ ಇಳಿಯುವ ಬದಲು ತುಸು ಏರಿತ್ತು.

ಹಾಗಂತ ಎಣ್ಣೆಗೂ ಹೃದಯಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ವನಸ್ಪತಿ (ಡಾಲ್ಡಾ ಥರದ್ದು) ಹೃದಯಕ್ಕೆ ಕೆಟ್ಟದ್ದು ಅನ್ನುವುದಾದರೆ ಯಜಮಾನರ ಕಡೆಯೇ ನಾನು. ಎಣ್ಣೆಯನ್ನು ಗಟ್ಟಿ ಮಾಡುವಾಗ ಅದರಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬನ್ನು ಹಿಡಿದದ್ದು ಬರೀ ಗ್ರಾಫ್ ನೋಡಿ ಅಲ್ಲ. ನೆದರ್ಲೆಂಡ್ಸ್‌ನಲ್ಲಿ 59 ಜನರಿಗೆ ಮೂರು ಥರದ ಊಟ, ಒಂದೊಂದನ್ನೂ 3 ವಾರ, ಸರದಿ ಬದಲಿಸಿ ಹಾಕಿ ರಕ್ತ ಪರೀಕ್ಷೆ ಮಾಡಿದರು. ಊಟದಲ್ಲಿ ವ್ಯತ್ಯಾಸ ಇದ್ದದ್ದು ಕೊಬ್ಬಿನದ್ದು. ಟ್ರಾನ್ಸ್ ಕೊಬ್ಬು ತಿಂದಾಗ ಕೆಟ್ಟ ಕೊಲೆಸ್ಟ್ರಾಲ್ ಏರಿತು, ಒಳ್ಳೆಯದು ಇಳಿಯಿತು. ಇದು ಪ್ರಕಟವಾಗಿದ್ದು 1990ರಲ್ಲಿ. ನಮ್ಮಲ್ಲಿ ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಶೇ 2 ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2022ಕ್ಕೆ! ಅದೇ ಬೋರ್ಡು ಕೊಬ್ಬರಿ ಎಣ್ಣೆ ಡ್ರಮ್ಮಿನ ಮೇಲೂ ಇದೆ ನೋಡಿ, ಅದು ತಮಾಷೆ. ಗಾಣದಲ್ಲಿ ತೆಗೆದ ಮಾತ್ರಕ್ಕೆ ಕೊಬ್ಬರಿಯ ಸ್ಯಾಚುರೇಟೆಡ್ ಕೊಬ್ಬು (ಇದೂ ಕೆಟ್ಟ ಕೊಲೆಸ್ಟ್ರಾಲ್ ಏರಿಸುವಂಥದ್ದೇ) ಎಲ್ಲಿಗೂ ಹೋಗುವುದಿಲ್ಲ.

ಸಂಜೆ ರಷ್ ಇರುತ್ತದೆ, ಬೆಳಗ್ಗೆ ಹೋಗಿ. ಸ್ಟೀಲ್ ಕ್ಯಾನ್ ತಗೊಂಡು ಹೋದರೆ ಬಾಟಲಿ ದುಡ್ಡು ಉಳಿಯುತ್ತದೆ. ಎಳ್ಳೆಣ್ಣೆ ಮಾತ್ರ ಮೊದಲು ಕಾಲು ಲೀಟರ್ ತಗೊಂಡು ನೋಡಿ, ನಮಗೆ ಸ್ವಲ್ಪ ಕಹಿ ಹೊಡೆಯಿತು.