ಇಂಗ್ಲೆಂಡಿನ ಲೀಸ್‌ಹೋಲ್ಡ್ ಫ್ಲ್ಯಾಟಿನವರಿಗೆ ಪುಕ್ಕಟೆ ಸಲಹೆ: ಬಳಸಿ ನೋಡಿದ್ದೇನೆ

ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಳ್ಳುವುದೆಂದರೆ ಸಾಮಾನ್ಯವಾಗಿ ಲೀಸ್‌ಹೋಲ್ಡ್: ಕಟ್ಟಡ ಬೇರೆ ಮಾಲೀಕರದ್ದು, ಫ್ಲ್ಯಾಟ್ ಲೀಸ್ ಪತ್ರದಲ್ಲಿರುವಷ್ಟು ವರ್ಷ ಮಾತ್ರ ನಮ್ಮದು. ಹಾಗೆ ಕೊಂಡ ನಮ್ಮವರಲ್ಲಿ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಹೆಸರು ಕೇಳಿದವರೇ ಕಡಿಮೆ. ಸರ್ವಿಸ್ ಚಾರ್ಜಿನ (ಕಟ್ಟಡದ ನಿರ್ವಹಣೆಗೆ ಪ್ರತಿ ಮನೆಯೂ ಕೊಡಬೇಕಾದ ಪಾಲಿನ) ಪತ್ರ ಬಂದರೆ ಮೊದಲು ವಾಟ್ಸಾಪ್ ಗುಂಪಿಗೆ ಹೋಗುತ್ತದೆ. "ಸುಮ್ನೆ ಕಟ್ಬಿಡಿ ಸಾರ್" ಅಂತ ಒಬ್ಬರು, "ಕಟ್ಲೇಬೇಡಿ, ಏನ್ ಮಾಡ್ತಾರೆ ನೋಡೋಣ" ಅಂತ ಇನ್ನೊಬ್ಬರು. ಎರಡನೆಯವರ ಮಾತು ಕೇಳಿದರೆ ಮನೆಗೇ ಸಂಚಕಾರ ಬಂದೀತು. ಈ ಸಂಸ್ಥೆ 1994ರಿಂದ ಇದೆ, ನಡೆಯುವುದು ಸರ್ಕಾರದ ದುಡ್ಡಿನಲ್ಲಿ, ಸಲಹೆಗೆ ಒಂದು ಪೆನ್ನಿಯೂ ಕೊಡಬೇಕಿಲ್ಲ. ಇಂಗ್ಲೆಂಡ್, ವೇಲ್ಸ್ ಎರಡಕ್ಕೆ ಮಾತ್ರ. ಸ್ಕಾಟ್ಲೆಂಡಿನ ವ್ಯವಸ್ಥೆಯೇ ಬೇರೆ.

ನಾವು ಅಲ್ಲಿಗೆ ಹೋದದ್ದು ಛಾವಣಿಯ ದೆಸೆಯಿಂದ. ನಮ್ಮ ಕಟ್ಟಡದ ಉಸ್ತುವಾರಿ ನೋಡುವ ಏಜೆಂಟರು ಒಂದು ಶರತ್ಕಾಲದಲ್ಲಿ ಹೇಳದೆ ಕೇಳದೆ ಛಾವಣಿ ರಿಪೇರಿ ಮಾಡಿಸಿ, ಆಮೇಲೆ ಮನೆಗೆ 1,860 ಪೌಂಡ್ ಕಟ್ಟಿ ಎಂದು ಪತ್ರ ಹಾಕಿದರು. ಕೆಳಗಿನ ಮನೆಯ ವಯಸ್ಸಾದ ಹೆಂಗಸಿಗಂತೂ ಅದು ಪಿಂಚಣಿ ನುಂಗುವ ಮೊತ್ತ.

ಫೋನಿನಲ್ಲಿ ಸಿಕ್ಕ ಸಲಹೆಗಾರ್ತಿ ಮೊತ್ತದ ವಿಷಯವನ್ನೇ ಎತ್ತಲಿಲ್ಲ. "ಲೀಸ್ ಪತ್ರ ಎದುರಿಗಿದೆಯೇ? ಛಾವಣಿ ರಿಪೇರಿ ಯಾರ ಜವಾಬ್ದಾರಿ, ಖರ್ಚಿನಲ್ಲಿ ನಿಮ್ಮ ಪಾಲೆಷ್ಟು ಅಂತ ಬರೆದಿರುವ ಕಡೆ ಓದಿ" ಎಂದರು. ಓದಿದೆ. "ಈಗ ಬೇಡಿಕೆ ಪತ್ರ ತಿರುಗಿಸಿ. ನಿಮ್ಮ ಹಕ್ಕುಗಳ ಸಾರಾಂಶ ಅಂತ ಒಂದು ಹಾಳೆ ಇದೆಯೇ?" ಇರಲಿಲ್ಲ. ಸರ್ವಿಸ್ ಚಾರ್ಜಿನ ಪ್ರತಿ ಬೇಡಿಕೆಯ ಜೊತೆಗೂ ಆ ಹಾಳೆ ಇರಲೇಬೇಕು, ಇಲ್ಲದಿದ್ದರೆ ಅದು ಬರುವವರೆಗೆ ಹಣ ತಡೆಹಿಡಿಯುವ ಹಕ್ಕು ನಮಗಿದೆ. ಆದರೆ ಇದರಿಂದ ಸಾಲ ತೀರಿಹೋಗುವುದಿಲ್ಲ, ಹಾಳೆ ಸೇರಿಸಿ ಮತ್ತೆ ಕಳಿಸಿದರೆ ಮುಗಿಯಿತು ಎಂದೂ ಎಚ್ಚರಿಸಿದರು. ಹಿಗ್ಗಿಸಿ ಕಳಿಸುವ ಜಾತಿಯವರಲ್ಲ, ಅದು ನನಗೆ ಹಿಡಿಸಿತು.

ಅಸಲು ವಿಷಯ ಆಮೇಲೆ ಬಂತು. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಯಾವುದೇ ಮನೆಯ ಪಾಲಿಗೆ 250 ಪೌಂಡ್ ಮೀರುವ ಕೆಲಸ ಮಾಡಿಸುವ ಮುಂಚೆ ನಿವಾಸಿಗಳಿಗೆ ನೋಟಿಸ್ ಕೊಟ್ಟು, 30 ದಿನ ಅಭಿಪ್ರಾಯ ಕೇಳಿ, ಅಂದಾಜು ಪಟ್ಟಿಗಳನ್ನು ತೋರಿಸಿ, ಮತ್ತೆ 30 ದಿನ ಕಾಯಬೇಕು. ಇದನ್ನು ಬಿಟ್ಟರೆ ವಸೂಲಿ ತಲಾ 250ಕ್ಕೇ ನಿಲ್ಲುತ್ತದೆ. ಹಾಗಂತ ಕುಣಿದಾಡುವಂತಿಲ್ಲ. ಕಟ್ಟಡದ ಮಾಲೀಕರು ಇಂಥ ತಕರಾರು ಕೇಳುವ ಟ್ರಿಬ್ಯೂನಲ್‌ಗೆ ಹೋಗಿ ವಿನಾಯಿತಿ ಕೇಳಬಹುದು, ಆಗ "ನೋಟಿಸ್ ಕೊಡದೆ ಇದ್ದದ್ದರಿಂದ ನಿಮಗೆ ಆದ ನಷ್ಟವೇನು?" ಎಂಬ ಪ್ರಶ್ನೆ ನಮ್ಮ ಕಡೆಗೇ ತಿರುಗುತ್ತದೆ. 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಹೀಗಾಗಿದೆಯಂತೆ. ನಷ್ಟ ತೋರಿಸಬೇಕಾದರೆ ಬಿಲ್ಲುಗಳು ಬೇಕು. ಖರ್ಚಿನ ಲೆಕ್ಕ ಕೇಳುವ, ರಸೀದಿಗಳನ್ನು ಕಣ್ಣಾರೆ ನೋಡುವ ಹಕ್ಕೂ ಅದೇ ಕಾಯ್ದೆಯಲ್ಲಿದೆ.

ಕೇಳಿದೆವು. ಏಜೆಂಟರ ಕಚೇರಿಯ ಮೂಲೆಯ ಮೇಜಿನ ಮೇಲೆ ಒಂದು ಫೈಲು ಇಟ್ಟರು. ಹೆಂಚಿನವನ ಬಿಲ್ಲು ನ್ಯಾಯವಾಗಿಯೇ ಇತ್ತು. ಅದಕ್ಕಿಂತ ದೊಡ್ಡದು ಸ್ಕ್ಯಾಫೋಲ್ಡಿಂಗ್ ಬಾಡಿಗೆ. ಕೆಲಸ ಮುಗಿದ ಮೇಲೂ ಆ ಕಬ್ಬಿಣದ ಕೊಳವೆಗಳು ವಾರಗಟ್ಟಲೆ ನಮ್ಮ ಕಿಟಕಿಗೆ ಅಡ್ಡ ನಿಂತಿದ್ದವು, ಮೇಲಿನ ಮನೆಯ ಹುಡುಗ ಅದರ ಮೇಲೆ ಟವೆಲ್ ಒಣಹಾಕುತ್ತಿದ್ದ. ಅಷ್ಟೂ ವಾರದ ಬಾಡಿಗೆ ನಮ್ಮ ತಲೆಗೆ! ಟವೆಲ್ ಸಮೇತ ಆ ಹುಡುಗ ತೆಗೆದಿದ್ದ ಫೋಟೊಗಳಲ್ಲಿ ತಾರೀಖು ಇತ್ತು. ಖರ್ಚು ನ್ಯಾಯಸಮ್ಮತವಾಗಿರಬೇಕು ಎಂಬ 19ನೇ ಸೆಕ್ಷನ್ ಹೆಸರಿಟ್ಟು ಎಲ್ಲರೂ ಸೇರಿ ಪತ್ರ ಬರೆದೆವು. ಟ್ರಿಬ್ಯೂನಲ್‌ವರೆಗೆ ಹೋಗದೆ ಮೊತ್ತ ಇಳಿಯಿತು. 250ಕ್ಕೇನೂ ಇಳಿಯಲಿಲ್ಲ, ಆದರೆ ಕೆಳಗಿನ ಮನೆಯವರು ಉಸಿರಾಡುವಷ್ಟು ಇಳಿಯಿತು.

ಪತ್ರ ಬರೆದದ್ದು ನಾವು, ಅಲೆದದ್ದು ನಾವು. ಈ ಸಂಸ್ಥೆ ನಿಮ್ಮ ಪರ ವಕಾಲತ್ತು ವಹಿಸುವುದಿಲ್ಲ. ಫೋನಿನಲ್ಲಿ ಸಿಗುವ ಸಮಯವೂ ಚಿಕ್ಕದು, ಕಥೆ ಹೇಳುತ್ತ ಕೂತರೆ ಅದರಲ್ಲೇ ಮುಗಿದುಹೋಗುತ್ತದೆ. ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಭಾವನಂಥವರು ಬಿಲ್ಡರನ ಅಪ್ಪನಿಂದ ಶುರುಮಾಡುತ್ತಾರೆ.

ವೆಬ್‌ಸೈಟಿನಲ್ಲಿ ಲೀಸ್ ವಿಸ್ತರಣೆಯ ಖರ್ಚು ಅಂದಾಜಿಸುವ ಕ್ಯಾಲ್ಕ್ಯುಲೇಟರ್ ಇದೆ. ಅದು ತೋರಿಸುವುದು ಬರೀ ಅಂದಾಜು, ಅದನ್ನು ಹಿಡಿದು ಚೌಕಾಸಿಗೆ ಇಳಿಯಬೇಡಿ. ಆದರೂ ಉಳಿದಿರುವ ವರ್ಷ ಹಾಕಿ ಒಮ್ಮೆ ನೋಡಿ. 80 ವರ್ಷಕ್ಕಿಂತ ಕೆಳಗೆ ಇಳಿದ ಕೂಡಲೇ ಮ್ಯಾರೇಜ್ ವ್ಯಾಲ್ಯೂ (ವಿಸ್ತರಣೆಯಿಂದ ಏರುವ ಬೆಲೆಯಲ್ಲಿ ಕಟ್ಟಡದ ಮಾಲೀಕರಿಗೆ ಕೊಡಬೇಕಾದ ಪಾಲು) ಎಂಬ ಬಾಬತ್ತು ಸೇರಿ ದರ ಜಿಗಿಯುತ್ತದೆ. ವಿಸ್ತರಣೆ ಕೇಳಲು ಎರಡು ವರ್ಷ ಫ್ಲ್ಯಾಟ್ ನಮ್ಮ ಹೆಸರಿನಲ್ಲಿರಬೇಕೆಂಬ ನಿಯಮ 2025ರ ಜನವರಿ 31ರಂದು ಹೋಯಿತು. 2024ರ ಲೀಸ್‌ಹೋಲ್ಡ್ ಸುಧಾರಣೆ ಕಾನೂನಿನಲ್ಲಿರುವ 990 ವರ್ಷದ ವಿಸ್ತರಣೆ, ಮ್ಯಾರೇಜ್ ವ್ಯಾಲ್ಯೂ ರದ್ದತಿ ಮಾತ್ರ ನಾನು ಇದನ್ನು ಬರೆಯುವ ಹೊತ್ತಿಗೂ ಜಾರಿಗೆ ಬಂದಿಲ್ಲ. ಕಾಯಬೇಕೋ ಈಗಲೇ ಮಾಡಿಸಬೇಕೋ ಅನ್ನುವುದು ಪ್ರತಿ ಮನೆಗೂ ಬೇರೆ ಲೆಕ್ಕ, 80ರ ಹತ್ತಿರ ಇರುವವರು ಈ ವಾರವೇ ಕೇಳಿ.

ತಿಂಗಳ ಬಾಡಿಗೆಗೆ ಇರುವವರಿಗೆ ಈ ಸಂಸ್ಥೆಯಿಂದ ಪ್ರಯೋಜನವಿಲ್ಲ, ಅವರು ಪುಕ್ಕಟೆ ಸಲಹೆ ಕೊಡುವ ಸೇವಾಸಂಸ್ಥೆಗಳಾದ ಶೆಲ್ಟರ್ ಅಥವಾ ಸಿಟಿಜನ್ಸ್ ಅಡ್ವೈಸ್ ಕಡೆ ಹೋಗಬೇಕು. ಹೋಗುವ ಮುಂಚೆ ಇಷ್ಟು ನೋಡಿಕೊಳ್ಳಿ: ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಇಂಗ್ಲೆಂಡಿನಲ್ಲಿ ಐದು ವಾರದ ಬಾಡಿಗೆ ಮೀರಿ ಅಡ್ವಾನ್ಸ್ ಕೇಳುವಂತಿಲ್ಲ, ಕೊಟ್ಟದ್ದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಟ್ಟು ನಿಮಗೆ ತಿಳಿಸಿರಬೇಕು.